ಮಾದರಿ ವಿಮಾನಕ್ಕೆ ಸೆಲ್ಫ್ ಸ್ಟಾರ್ಟರ್: ಕೂರಿಸುವ ಮುನ್ನ ಎಂಟು ಸೂತ್ರ

ಮಾದರಿ ವಿಮಾನದ ಎಂಜಿನ್ ಶುರು ಮಾಡಲು ಹಳೆಯ ದಾರಿಗಳು ಮೂರು: ಪ್ರೊಪೆಲ್ಲರಿಗೆ ಬೆರಳಿನ ಹೊಡೆತ, ಕೋಲಿನ ಹೊಡೆತ, ಇಲ್ಲವೇ ಸ್ಪಿನ್ನರಿಗೆ ಒತ್ತಿ ಹಿಡಿಯುವ 12 ವೋಲ್ಟಿನ ಕೈಸ್ಟಾರ್ಟರ್. ಈಗ ಸ್ಟಾರ್ಟರನ್ನೇ ವಿಮಾನದೊಳಗೆ ಕೂರಿಸುವವರೂ ಇದ್ದಾರೆ. ಸಣ್ಣ ಮೋಟಾರು, ಗೇರು, ಒಂದೇ ದಿಕ್ಕಿನಲ್ಲಿ ಕಚ್ಚಿಕೊಳ್ಳುವ ಬೇರಿಂಗು, ಜೊತೆಗೊಂದು ಬ್ಯಾಟರಿ, ಅಷ್ಟೇ ಸರಂಜಾಮು. ರಿಮೋಟಿನ ಸ್ವಿಚ್ ಒತ್ತಿದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಂಡ ಕೂಡಲೇ ಬೇರಿಂಗು ಹಿಡಿತ ಬಿಡುತ್ತದೆ. ಕೆಲವು ವಿಮಾನಗಳಿಗೆ ಇದು ವರ, ಬಹುಪಾಲಿಗೆ ಹೊರೆ. ನಿಮ್ಮದು ಯಾವುದು?

1. ಎಂಜಿನ್ ಎಲ್ಲಿ ನಿಲ್ಲಬಹುದು ಎಂದು ಯೋಚಿಸಿ. ಕಾಲ ಬುಡದಲ್ಲೇ ನಿಂತರೆ ಕೈಸ್ಟಾರ್ಟರ್ ಸಾಕು. ಫ್ಲೋಟ್ ಕಟ್ಟಿದ ವಿಮಾನ ಕೆರೆಯ ನಡುವೆ ನಿಂತರೆ ದೋಣಿ ಹುಡುಕಬೇಕು. ಎರಡು ಎಂಜಿನ್ನಿನ ವಿಮಾನದಲ್ಲಿ ಒಂದು ನಿಂತರೆ, ಓಡುತ್ತಿರುವ ಇನ್ನೊಂದು ಎಂಜಿನ್ ವಿಮಾನವನ್ನು ಒಂದು ಬದಿಗೆ ತಿರುಗಿಸಿಬಿಡುತ್ತದೆ. ಕೈಗೆ ಸಿಗದ ಜಾಗದಲ್ಲಿ ಮತ್ತೆ ಶುರು ಮಾಡಬೇಕಾದವರಿಗೆ ಒಳಗೇ ಕೂರಿಸಿದ ಸ್ಟಾರ್ಟರಿಗೆ ಬದಲಿಯೇ ಇಲ್ಲ. ಮಾದರಿ ಜೆಟ್‌ಗಳ ಟರ್ಬೈನಿನೊಳಗೆ ಸ್ಟಾರ್ಟರ್ ಇರುವುದೂ ಸುಮ್ಮನೆ ಅಲ್ಲ: ಟರ್ಬೈನನ್ನು ಬೆರಳಿನಿಂದ ತಿರುಗಿಸಿ ಹೊತ್ತಿಸಲಾಗದು.

2. ತೂಕವನ್ನು ಲೆಕ್ಕ ಹಾಕಿ, ಅಂದಾಜು ಮಾಡಬೇಡಿ. ಮೂರು ಕಿಲೋ ವಿಮಾನಕ್ಕೆ ಬ್ಯಾಟರಿ ಸೇರಿ 300 ಗ್ರಾಂ ಏರಿಸಿದರೆ ತೂಕ ಶೇ 10 ಹೆಚ್ಚುತ್ತದೆ. ವಿಮಾನ ತೇಲಿ ನಿಲ್ಲಬಲ್ಲ ಕನಿಷ್ಠ ವೇಗ ಸುಮಾರು ಶೇ 5ರಷ್ಟು ಏರುತ್ತದೆ. ಇಳಿಸುವಾಗ ಅದು ಗೊತ್ತಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿಗಿಂತ ಶೇ 8ರಷ್ಟು ತೆಳು. ಅಲ್ಲಿ ಎಂಜಿನ್ನಿನ ಶಕ್ತಿಯೂ ಕಡಿಮೆ, ರೆಕ್ಕೆಯ ಎತ್ತುವ ಬಲವೂ ಕಡಿಮೆ. ಕರಾವಳಿಯಲ್ಲಿ ನಡೆದುಹೋಗುವ ಭಾರ ಘಟ್ಟದ ಮೇಲೆ ನಡೆಯಲಾರದು. ಎಂಟು ಹತ್ತು ಕಿಲೋದ ದೊಡ್ಡ ಪೆಟ್ರೋಲ್ ವಿಮಾನಕ್ಕೆ ಇದೇ ಭಾರ ಅಷ್ಟಾಗಿ ತಟ್ಟುವುದಿಲ್ಲ.

3. ಮೂಗಿಗೆ ಸೀಸ ಕಟ್ಟುತ್ತಿದ್ದೀರಾ? ಹಾಗಿದ್ದರೆ ಸ್ಟಾರ್ಟರ್ ಹಾಕಿ. ಸಾಪ್‌ವಿತ್ ಕ್ಯಾಮೆಲ್‌ನಂಥ ಗಿಡ್ಡ ಮೂಗಿನ ಮೊದಲ ಮಹಾಯುದ್ಧದ ಮಾದರಿಗಳು ಸಮತೋಲಕ್ಕೆ ಮುಂಭಾಗದಲ್ಲಿ ಭಾರ ಬೇಡುತ್ತವೆ. ಸತ್ತ ಸೀಸದ ಜಾಗಕ್ಕೆ ದುಡಿಯುವ ಮೋಟಾರು ಬಂದರೆ ಒಂದು ಗ್ರಾಂ ಕೂಡ ನಷ್ಟವಿಲ್ಲ.

4. ಬೆರಳು ಉಳಿಯುತ್ತದೆ, ಹೊಸ ಅಪಾಯ ಹುಟ್ಟುತ್ತದೆ. ಪ್ರೊಪೆಲ್ಲರಿನಿಂದ ಕೈ ದೂರ ಇರುವುದೇ ಇದರ ದೊಡ್ಡ ಲಾಭ. ಆದರೆ ರಿಮೋಟಿನಲ್ಲಿ ತಪ್ಪು ಸ್ವಿಚ್ ಒತ್ತಿದರೆ, ಯಾರೋ ರೆಕ್ಕೆ ಒರೆಸುತ್ತಿರುವಾಗಲೇ ಎಂಜಿನ್ ಶುರುವಾಗಬಹುದು. ಆದ್ದರಿಂದ ಎರಡು ಸ್ವಿಚ್ ಒಟ್ಟಿಗೆ ಒತ್ತಿದರೆ, ಅದೂ ಥ್ರಾಟಲ್ ಕೆಳಗಿದ್ದರೆ ಮಾತ್ರ ಸ್ಟಾರ್ಟರ್ ತಿರುಗುವಂತೆ ರಿಮೋಟನ್ನು ಹೊಂದಿಸಿ. ಸ್ಟಾರ್ಟರ್ ಬ್ಯಾಟರಿಗೆ ಹೊರಗಿನಿಂದ ಕಿತ್ತು ತೆಗೆಯುವ ಪ್ಲಗ್ ಇರಲಿ. ಬಾಲವನ್ನು ಕಟ್ಟದೆ, ಇಲ್ಲವೇ ಒಬ್ಬರು ಹಿಡಿಯದೆ ಎಂದೂ ಶುರು ಮಾಡಬೇಡಿ. ಮಕ್ಕಳು ನೋಡಲು ಬರುವ ಮೈದಾನದಲ್ಲಿ ಈ ಸೂತ್ರಕ್ಕೆ ರಿಯಾಯಿತಿ ಇಲ್ಲ.

5. ಮೊದಲು ಕೈಯಿಂದ ಒಂದು ಸುತ್ತು. ಇಗ್ನಿಷನ್ ಆಫ್ ಮಾಡಿ ಪ್ರೊಪೆಲ್ಲರನ್ನು ನಿಧಾನ ತಿರುಗಿಸಿ ನೋಡಿ. ತಲೆಕೆಳಗಾಗಿ ಕೂರಿಸಿದ ಎಂಜಿನ್ನಿನ ಸಿಲಿಂಡರಿಗೆ ಇಂಧನ ಇಳಿದು ತುಂಬಿಕೊಳ್ಳುವುದು ಸಾಮಾನ್ಯ. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಬೆರಳಿಗೆ ಆ ಬಿಗಿತ ತಿಳಿಯುತ್ತದೆ, ಗೇರಿಗೆ ತಿಳಿಯುವುದಿಲ್ಲ. ಅದು ಬಲ ಹಾಕಿ ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಬಿಗಿ ಎನಿಸಿದರೆ ಸಿಲಿಂಡರಿನ ಪ್ಲಗ್ ಬಿಚ್ಚಿ ಇಂಧನ ಹೊರಗೆ ಚೆಲ್ಲಿ.

6. ರಿಸೀವರಿನ ಬ್ಯಾಟರಿಯನ್ನು ಸ್ಟಾರ್ಟರಿಗೆ ಕೊಡಬೇಡಿ. ತಿರುಗಿಸುವ ಕ್ಷಣದಲ್ಲಿ ಸ್ಟಾರ್ಟರ್ ಎಳೆಯುವ ಕರೆಂಟಿಗೆ ವೋಲ್ಟೇಜ್ ಕುಸಿದರೆ ರಿಸೀವರ್ ಕಣ್ಣು ಮುಚ್ಚುತ್ತದೆ, ವಿಮಾನ ನಿಮ್ಮ ಮಾತು ಕೇಳುವುದಿಲ್ಲ. ಪ್ರತ್ಯೇಕ ಲಿಥಿಯಂ ಪಾಲಿಮರ್ ಬ್ಯಾಟರಿ ಇಟ್ಟು, ಅದುರದಂತೆ ಫೋಮ್ ಸುತ್ತಿ.

7. ಗ್ಲೋ ಎಂಜಿನ್ನಿಗೆ ಹೊರೆ ಇಮ್ಮಡಿ. ಅದರಲ್ಲಿ ಇಂಧನ ಹೊತ್ತುವುದು ಕಾದ ಪ್ಲಗ್‌ನಿಂದ. ಹಾಗಾಗಿ ಸ್ಟಾರ್ಟರ್ ಜೊತೆಗೆ ಆ ಪ್ಲಗ್ ಕಾಯಿಸುವ ಸುಮಾರು ಒಂದೂವರೆ ವೋಲ್ಟಿನ ಏರ್ಪಾಡೂ ಒಳಗೇ ಇರಬೇಕು. ಸಣ್ಣ ಗ್ಲೋ ವಿಮಾನಕ್ಕೆ ಇದು ಬೇಡವೇ ಬೇಡ. ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಇಗ್ನಿಷನ್ ಹೇಗೂ ಇರುವುದರಿಂದ ಅಲ್ಲಿ ಇದು ಸಲೀಸಾಗಿ ಹೊಂದುತ್ತದೆ.

8. ಆಕಾಶದಲ್ಲಿ ನಿಂತರೆ ಮೊದಲು ಮೂಗು ಕೆಳಗೆ, ಆಮೇಲೆ ಸ್ವಿಚ್. ವೇಗ ಉಳಿಸಿಕೊಳ್ಳಿ, ಮೈದಾನದ ಕಡೆ ತಿರುಗಿಸಿ, ಎತ್ತರ ಉಳಿದಿದ್ದರೆ ಒಮ್ಮೆ ಪ್ರಯತ್ನಿಸಿ. ಹತ್ತಿಕೊಳ್ಳದಿದ್ದರೆ ಸ್ಟಾರ್ಟರನ್ನು ಮರೆತು ಇಳಿಸಿ. ಇಂಧನ ಮುಗಿದೋ, ಟ್ಯಾಂಕಿನೊಳಗಿನ ಕೊಳವೆ ಸೀಳಿಯೋ ನಿಂತ ಎಂಜಿನ್ನನ್ನು ಯಾವ ಮೋಟಾರೂ ಎಬ್ಬಿಸಲಾರದು. ನೆಲದ ಮೇಲೂ ಅಷ್ಟೇ: ಕೈಯ ಹೊಡೆತಕ್ಕೆ ಸುಲಭವಾಗಿ ಹತ್ತಿಕೊಳ್ಳದ ಎಂಜಿನ್ನಿಗೆ ಬೇಕಾದದ್ದು ಕಾರ್ಬ್ಯುರೇಟರಿನ ಸೂಜಿಯ ಹೊಂದಾಣಿಕೆ. ಅದು ಸರಿಯಾದ ಮೇಲೆ ಸ್ಟಾರ್ಟರ್ ಕೊಳ್ಳಿ.