ನೆನಪೇ ಗ್ರಂಥಭಂಡಾರ: ವಲಸೆಯ ನೆಲೆಯಲ್ಲಿ ಸೊಮಾಲಿ ಕಾವ್ಯ ಮತ್ತು ಸಂಗೀತ

ಪ್ರವೇಶ

ಮೌಖಿಕ ಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ಎರಡು ಗ್ರಹಿಕೆಗಳು ಬಹುಕಾಲದಿಂದ ಜೊತೆಜೊತೆಯಾಗಿ ಬಂದಿವೆ. ಬಾಯಿಂದ ಬಾಯಿಗೆ ಹರಿದುಬರುವ ರಚನೆಗೆ ನಿರ್ದಿಷ್ಟ ಕರ್ತೃವಿರುವುದಿಲ್ಲ ಎಂಬುದು ಒಂದು. ಪ್ರತಿಯೊಂದು ಹಾಡಿಕೆಯಲ್ಲಿಯೂ ಅದರ ಪಠ್ಯ ಹೊಸದಾಗಿ ರೂಪುಗೊಳ್ಳುತ್ತದೆ ಎಂಬುದು ಇನ್ನೊಂದು. ಮಿಲ್ಮನ್ ಪ್ಯಾರಿ ಅವರ ಕ್ಷೇತ್ರಕಾರ್ಯವನ್ನು ಮುಂದುವರಿಸಿ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ‘ದಿ ಸಿಂಗರ್ ಆಫ್ ಟೇಲ್ಸ್’ ಕೃತಿಯು ಎರಡನೆಯ ಗ್ರಹಿಕೆಗೆ ಶಾಸ್ತ್ರೀಯ ಅಡಿಪಾಯವನ್ನೇ ಒದಗಿಸಿತು. ಆಫ್ರಿಕದ ಕೊಂಬು ಎಂದು ಹೆಸರಾದ ಪ್ರದೇಶದ ಸೊಮಾಲಿ ಕಾವ್ಯ ಪರಂಪರೆಯು ಈ ಎರಡು ಗ್ರಹಿಕೆಗಳನ್ನೂ ಪ್ರಶ್ನಿಸುತ್ತದೆ. ಅಲ್ಲಿ ಕವಿತೆ ಮೌಖಿಕವಾದರೂ ಕವಿಗೆ ಹೆಸರುಂಟು; ಬರೆದಿಡದಿದ್ದರೂ ಪಠ್ಯಕ್ಕೆ ಸ್ಥಿರತೆಯುಂಟು.

1988ರಿಂದೀಚೆಗೆ, ವಿಶೇಷವಾಗಿ 1991ರಲ್ಲಿ ಸೊಮಾಲಿಯಾದ ಪ್ರಭುತ್ವ ಕುಸಿದುಬಿದ್ದ ಮೇಲೆ, ಈ ಪರಂಪರೆಯನ್ನು ನೆನಪಿನಲ್ಲಿ ಹೊತ್ತ ಜನರು ಲಂಡನ್, ಟೊರಾಂಟೊ, ಮಿನಿಯಾಪೊಲಿಸ್, ನೈರೋಬಿ ಮೊದಲಾದ ನಗರಗಳಿಗೆ ಚದುರಿಹೋದರು. ಕೇಳುಗರ ಸಮುದಾಯವನ್ನೇ ಆಧರಿಸಿ ಬದುಕಿದ ಕಾವ್ಯವು ಆ ಸಮುದಾಯ ಒಡೆದಾಗ ಯಾವ ರೂಪದಲ್ಲಿ ಉಳಿಯುತ್ತದೆ ಎಂಬುದು ಪ್ರಸ್ತುತ ಲೇಖನದ ಮುಖ್ಯ ಪ್ರಶ್ನೆ.

1. ಕರ್ತೃ, ಕಂಠಪಾಠಿ ಮತ್ತು ಪಠ್ಯ

ಸೊಮಾಲಿ ಆಫ್ರೋ-ಏಷ್ಯಾಟಿಕ್ ಭಾಷಾಕುಟುಂಬದ ಕುಶಿಟಿಕ್ ಶಾಖೆಗೆ ಸೇರಿದ ಭಾಷೆ. ಅದರ ಸಾಂಪ್ರದಾಯಿಕ ಪದ್ಯಸಾಹಿತ್ಯವನ್ನು ಸ್ಥೂಲವಾಗಿ ‘ಮಾನ್ಸೊ’ ಮತ್ತು ‘ಹೇಸ್’ ಎಂದು ವಿಂಗಡಿಸಲಾಗುತ್ತದೆ. ಒಂಟೆಗೆ ನೀರುಣಿಸುವಾಗ, ಧಾನ್ಯ ಕುಟ್ಟುವಾಗ, ಕುಣಿಯುವಾಗ ಹಾಡುವ ಹಾಡುಗಳು ಹೇಸ್ ವರ್ಗದವು. ಇವು ಕನ್ನಡದ ಬೀಸುವ ಪದ, ಕುಟ್ಟುವ ಪದಗಳಂತೆ ಸಮುದಾಯದ ಸೊತ್ತು. ಮಾನ್ಸೊ ಹಾಗಲ್ಲ. ‘ಗಬಯ್’, ‘ಗೇರಾರ್’, ‘ಜೀಫ್ತೊ’ ಮುಂತಾದ ಪ್ರಕಾರಗಳನ್ನು ಒಳಗೊಂಡ ಈ ವರ್ಗದ ಪ್ರತಿಯೊಂದು ಕವಿತೆಯೂ ಒಬ್ಬ ನಿರ್ದಿಷ್ಟ ಕವಿಯ ಕೃತಿ. ಕವಿ ಅದನ್ನು ಮನಸ್ಸಿನಲ್ಲಿಯೇ ಕಟ್ಟಿ, ತಿದ್ದಿ, ಪೂರ್ಣಗೊಳಿಸಿದ ಬಳಿಕ ಸಭೆಯ ಮುಂದಿಡುತ್ತಾನೆ. ಅದನ್ನು ಕೇಳಿ ಕಲಿತ ಕಂಠಪಾಠಿ ಬೇರೆಡೆ ಹಾಡುವಾಗ ಮೊದಲು ಕವಿಯ ಹೆಸರನ್ನೂ ಕವಿತೆ ಹುಟ್ಟಿದ ಸಂದರ್ಭವನ್ನೂ ಹೇಳಬೇಕು. ಪದಗಳನ್ನು ಮನಬಂದಂತೆ ಬದಲಿಸಕೂಡದು. ನೆನಪು ಎಷ್ಟೇ ತಪ್ಪಿದರೂ ಯಥಾವತ್ತಾಗಿ ಒಪ್ಪಿಸುವುದೇ ಇಲ್ಲಿಯ ಆದರ್ಶ.

ಬಿ.ಡಬ್ಲ್ಯೂ. ಆಂಜೆಯೆವ್ಸ್ಕಿ ಮತ್ತು ಐ.ಎಂ. ಲೂಯಿಸ್ 1964ರಲ್ಲಿ ಹೊರತಂದ ‘ಸೊಮಾಲಿ ಪೊಯೆಟ್ರಿ’ ಎಂಬ ಸಂಕಲನವು ಈ ವ್ಯವಸ್ಥೆಯನ್ನು ಹೊರಜಗತ್ತಿನ ವಿದ್ವಾಂಸರಿಗೆ ಪರಿಚಯಿಸಿತು. ಇಂಥ ಕಾವ್ಯವು ಕೇವಲ ರಂಜನೆಯ ಸಾಧನವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ನೀರು, ಹುಲ್ಲುಗಾವಲು, ಕೊಲೆಗೆ ತೆರಬೇಕಾದ ದಂಡ ಮುಂತಾದ ವ್ಯಾಜ್ಯಗಳಲ್ಲಿ ಕವಿತೆಯೇ ವಾದ, ಕವಿತೆಯೇ ಪ್ರತಿವಾದ. ವಸಾಹತುಶಾಹಿಯ ವಿರುದ್ಧ ಎರಡು ದಶಕಗಳ ಕಾಲ ಹೋರಾಡಿ 1920ರಲ್ಲಿ ತೀರಿಕೊಂಡ ಸಯ್ಯಿದ್ ಮೊಹಮ್ಮದ್ ಅಬ್ದುಲ್ಲಾ ಹಸನ್ ಕಾವ್ಯವನ್ನು ಆಯುಧವಾಗಿ ಬಳಸಿದ ಬಗೆಯನ್ನು ಸಯೀದ್ ಸಮತರ್ 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿವರಿಸಿದ್ದಾರೆ. ಹೆಂಗಸರ ‘ಬುರಾಂಬುರ್’ ಪ್ರಕಾರವು ಮದುವೆ ಮತ್ತು ಸಭೆಗಳಲ್ಲಿ ಬೆಳೆಯಿತಾದರೂ, ಗಂಡಸರ ಕಾವ್ಯವನ್ನು ದೂರದೂರಕ್ಕೆ ಒಯ್ಯುತ್ತಿದ್ದ ಕಂಠಪಾಠಿಗಳ ಜಾಲಕ್ಕೆ ಅದು ಸುಲಭವಾಗಿ ಪ್ರವೇಶಿಸಲಿಲ್ಲ. ಪರಂಪರೆಯ ಹಿರಿಮೆಯನ್ನು ಹೇಳುವಾಗ ಈ ಮಿತಿಯನ್ನೂ ಹೇಳಬೇಕಾಗುತ್ತದೆ.

2. ನೆನಪಿನ ಕೀಲಿಕೈಯಾಗಿ ಛಂದಸ್ಸು

ಲಿಪಿಯ ಆಸರೆಯಿಲ್ಲದೆ ನೂರಾರು ಸಾಲುಗಳು ಉಳಿದುಬಂದುದರ ಗುಟ್ಟು ಛಂದಸ್ಸಿನಲ್ಲಿದೆ. ‘ಹಿಗ್ಗಾದ್’ ಎಂಬ ಪ್ರಾಸನಿಯಮದ ಪ್ರಕಾರ ಇಡೀ ಕವಿತೆ ಒಂದೇ ಧ್ವನಿಯನ್ನು ಹಿಡಿದು ಸಾಗಬೇಕು. ಕವಿ ‘ದ’ಕಾರವನ್ನು ಆಯ್ದುಕೊಂಡರೆ ಪ್ರತಿಯೊಂದು ಸಾಲಿನಲ್ಲಿಯೂ ದಕಾರದಿಂದ ಆರಂಭವಾಗುವ ಪದವೊಂದು ಬರಲೇಬೇಕು. ಗಬಯ್‌ನಂತಹ ದೀರ್ಘ ಸಾಲಿನ ಪ್ರಕಾರದಲ್ಲಿ ಯತಿಯ ಎರಡೂ ಬದಿಗಳಲ್ಲಿ ಅದು ಬರಬೇಕು. ಸ್ವರಗಳೆಲ್ಲವೂ ಪರಸ್ಪರ ಪ್ರಾಸವಾಗಬಲ್ಲವು. ಕನ್ನಡದ ಆದಿಪ್ರಾಸವು ಪಾದದ ಎರಡನೆಯ ಅಕ್ಷರವನ್ನು ಆಶ್ರಯಿಸಿ ಪದ್ಯದಿಂದ ಪದ್ಯಕ್ಕೆ ಬದಲಾಗುತ್ತದೆ. ಸೊಮಾಲಿ ಪ್ರಾಸವು ಪದದ ಮೊದಲ ಧ್ವನಿಯನ್ನು ಆಶ್ರಯಿಸಿ ಕವಿತೆಯುದ್ದಕ್ಕೂ ಬದಲಾಗದೆ ನಿಲ್ಲುತ್ತದೆ.

ಲಯವು ಮಾತ್ರಾಪ್ರಧಾನವಾದುದು. ಹ್ರಸ್ವಸ್ವರಕ್ಕೆ ಒಂದು, ದೀರ್ಘಸ್ವರಕ್ಕೆ ಎರಡು ಎಂಬ ಎಣಿಕೆ ಕನ್ನಡ ಓದುಗರಿಗೆ ಪರಿಚಿತವೇ. ಆದರೆ ಕನ್ನಡದಲ್ಲಿ ಒತ್ತಕ್ಷರದ ಹಿಂದಿನ ಲಘು ಗುರುವಾಗುವಂತೆ ಸೊಮಾಲಿಯಲ್ಲಿ ಆಗುವುದಿಲ್ಲ. ಅಲ್ಲಿ ಮಾತ್ರೆಯನ್ನು ನಿರ್ಧರಿಸುವುದು ಸ್ವರದ ಉದ್ದ; ವ್ಯಂಜನಗಳು ಎಲ್ಲಿ ಬರಬಹುದು, ಎಲ್ಲಿ ಬರಬಾರದು ಎಂಬುದಕ್ಕೆ ಪ್ರತ್ಯೇಕ ನಿಯಮಗಳಿವೆ. ಗಬಯ್ ಸಾಲು ಸಾಮಾನ್ಯವಾಗಿ 12 ಮತ್ತು 8 ಮಾತ್ರೆಗಳ ಎರಡು ಭಾಗಗಳಾಗಿ ಒಡೆಯುತ್ತದೆ. ಶತಮಾನಗಳಿಂದ ಕವಿಗಳು ಕಿವಿಯಿಂದಲೇ ಪಾಲಿಸಿಕೊಂಡು ಬಂದಿದ್ದ ಈ ವ್ಯವಸ್ಥೆಗೆ ಶಾಸ್ತ್ರರೂಪ ದೊರೆತದ್ದು 1970ರ ದಶಕದಲ್ಲಿ. ಕವಿ ಮೊಹಮ್ಮದ್ ಹಾಶಿ ಧಮಾ ‘ಗಾರಿಯೆ’ 1976ರಲ್ಲಿ ಪತ್ರಿಕಾ ಲೇಖನಗಳ ಮೂಲಕ ಇದನ್ನು ವಿವರಿಸಿದರು. ಅಬ್ದಿಲ್ಲಾಹಿ ದೀರಿಯೆ ಗುಲೇದ್ ಕೂಡ ಅದೇ ದಶಕದಲ್ಲಿ ಸ್ವತಂತ್ರವಾಗಿ ಈ ದಿಕ್ಕಿನಲ್ಲಿ ಕೆಲಸ ಮಾಡಿದರು. ಪ್ರಾಸ ಮತ್ತು ಮಾತ್ರೆಗಳ ಈ ಇಬ್ಬಗೆಯ ಬಿಗಿಯಿಂದಾಗಿ ಒಂದು ಪದ ಮರೆತರೂ ಅದರ ಜಾಗಕ್ಕೆ ಬರಬಲ್ಲ ಪದಗಳು ಬಹಳ ಕಡಿಮೆ. ಛಂದಸ್ಸು ಇಲ್ಲಿ ಅಲಂಕಾರವಲ್ಲ. ಅದು ಪಠ್ಯಕ್ಕೆ ಕಾವಲು.

3. ಲಿಪಿ, ಕ್ಯಾಸೆಟ್, ಚದುರುವಿಕೆ

1972ರಲ್ಲಿ ಸೊಮಾಲಿ ಭಾಷೆಗೆ ಲ್ಯಾಟಿನ್ ಮೂಲದ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಲಾಯಿತು. ಮುಂದಿನ ವರ್ಷಗಳಲ್ಲಿ ನಗರಗಳಲ್ಲಿಯೂ ಅಲೆಮಾರಿಗಳ ನಡುವೆಯೂ ಸಾಕ್ಷರತಾ ಆಂದೋಲನಗಳು ನಡೆದವು. ಲಿಪಿಯನ್ನು ಕೊಟ್ಟ ಸಿಯಾದ್ ಬರೆ ಅವರ ಸೈನಿಕ ಸರ್ಕಾರವೇ ಮುದ್ರಣವನ್ನು ತನ್ನ ಹಿಡಿತದಲ್ಲಿ ಇರಿಸಿಕೊಂಡಿತು. ಹೀಗಾಗಿ ಭಿನ್ನಮತದ ಕವಿತೆ ಪುಸ್ತಕದ ಬದಲು ಕ್ಯಾಸೆಟ್ಟನ್ನು ಆಶ್ರಯಿಸಿತು. ಗಾರಿಯೆ ಮತ್ತು ಹದ್ರಾವಿ ಎಂದೇ ಖ್ಯಾತರಾದ ಮೊಹಮ್ಮದ್ ಇಬ್ರಾಹಿಂ ವರ್ಸಮೆ 1979–80ರಲ್ಲಿ ಮೊದಲಿಟ್ಟ ‘ದೇಲ್ಲೆಯ್’ ಎಂಬ ಕವಿತಾಸರಣಿ ಇದಕ್ಕೆ ಉತ್ತಮ ನಿದರ್ಶನ. ಒಬ್ಬರ ಕವಿತೆಗೆ ಮತ್ತೊಬ್ಬರು ಅದೇ ದಕಾರ ಪ್ರಾಸದಲ್ಲಿ ಉತ್ತರ ಕೊಡುತ್ತ, ಹಲವಾರು ಕವಿಗಳು ಸೇರಿ ಕುಲವಾದ ಮತ್ತು ದುರಾಡಳಿತಗಳ ಬಗ್ಗೆ ದೇಶವ್ಯಾಪಿ ಸಂವಾದ ನಡೆಸಿದರು. 1973ರಿಂದ 1978ರವರೆಗೆ ಸೆರೆಯಲ್ಲಿದ್ದು ಬಂದಿದ್ದ ಹದ್ರಾವಿ ಅನಂತರ ಗಡಿ ದಾಟಿ ವಿರೋಧಿ ಬಣವನ್ನು ಸೇರಿದರು. ಕವಿತೆಯ ಧ್ವನಿಮುದ್ರಣಗಳು ಮಾತ್ರ ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಪ್ರತಿಯಾಗುತ್ತ ಹೋದವು. ವಲಸೆಯ ಕಾವ್ಯಜಾಲ ಸಾಮೂಹಿಕ ವಲಸೆಗಿಂತ ಮೊದಲೇ ಸಿದ್ಧವಾಗಿತ್ತು ಎನ್ನಬಹುದು.

ಸಂಗೀತದ ಕಥೆ ಇದಕ್ಕೆ ಹೊಂದಿಕೊಂಡೇ ಇದೆ. 1940ರ ದಶಕದಲ್ಲಿ ಲಾರಿ ಚಾಲಕ ಅಬ್ದಿ ‘ಸಿನಿಮೊ’ ಜನಪ್ರಿಯಗೊಳಿಸಿದ ‘ಬಲ್ವೊ’ ಎಂಬ ಕಿರಿದಾದ ಪ್ರೇಮಗೀತೆ ಬೆಳೆದು ‘ಹೇಲ್ಲೊ’ ಎಂಬ ವಾದ್ಯಸಹಿತ ಆಧುನಿಕ ಹಾಡಾಯಿತು. ಏಡನ್ ಬಂದರಿನ ಮೂಲಕ ಬಂದ ಊದ್ ವಾದ್ಯ ಅದಕ್ಕೆ ಶ್ರುತಿಯಾಯಿತು. ಹಿಂದಿ ಚಲನಚಿತ್ರಗೀತೆಗಳ ಧಾಟಿಯೂ ಅದರಲ್ಲಿ ಬೆರೆಯಿತು. ಹಾಡು ಹೊಸದಾದರೂ ಸಾಹಿತ್ಯಭಾಗದಲ್ಲಿ ಪ್ರಾಸನಿಯಮ ಕೈಬಿಡಲಿಲ್ಲ. 1988ರಲ್ಲಿ ಹರ್ಗೆಯ್ಸಾ ನಗರದ ಮೇಲೆ ಸರ್ಕಾರಿ ವಿಮಾನಗಳೇ ಬಾಂಬು ಸುರಿಸಿದಾಗ ಅಲ್ಲಿಯ ಆಕಾಶವಾಣಿಯ ಧ್ವನಿಸುರುಳಿಗಳನ್ನು ನೆಲದಲ್ಲಿ ಹೂತು, ನೆರೆದೇಶಗಳಿಗೆ ಸಾಗಿಸಿ ಕಾಪಾಡಲಾಯಿತು. ಇಂಥ ಸುರುಳಿಗಳು ಈಗ ಹರ್ಗೆಯ್ಸಾದ ರೆಡ್‌ಸೀ ಸಾಂಸ್ಕೃತಿಕ ಪ್ರತಿಷ್ಠಾನದ ಸಂಗ್ರಹದಲ್ಲಿವೆ. ಅಲ್ಲಿಯ ಧ್ವನಿಮುದ್ರಣಗಳ ಸಂಖ್ಯೆ 10,000ಕ್ಕೂ ಮಿಗಿಲು. ಅದರಿಂದ ಆಯ್ದ ಹಾಡುಗಳು 2017ರಲ್ಲಿ ‘ಸ್ವೀಟ್ ಆಸ್ ಬ್ರೋಕನ್ ಡೇಟ್ಸ್’ ಎಂಬ ಹೆಸರಿನಲ್ಲಿ ಹೊರಬಂದು ಜಾಗತಿಕ ಕೇಳುಗರನ್ನು ತಲುಪಿದವು. ‘ವಾಬೆರಿ’ ಎಂಬ ರಾಷ್ಟ್ರೀಯ ತಂಡದ ಗಾಯಕಿ ಮರಿಯಂ ಮುರ್ಸಲ್ ನಿರಾಶ್ರಿತರಾಗಿ ಡೆನ್ಮಾರ್ಕ್ ಸೇರಿದರು. ಊದ್ ವಾದನದ ದೊರೆಯೆಂದು ಹೆಸರಾದ ಹುದೈದಿ ಲಂಡನ್ನಿನಲ್ಲಿ ನೆಲೆಸಿ ಶಿಷ್ಯರನ್ನು ತಯಾರುಮಾಡಿ, 2020ರ ಏಪ್ರಿಲ್‌ನಲ್ಲಿ ಕೋವಿಡ್ ಸೋಂಕಿನಿಂದ ಅಲ್ಲಿಯೇ ತೀರಿಕೊಂಡರು.

4. ಉತ್ಸವವೆಂಬ ಹೊಸ ಸಭೆ

ಮರದ ನೆರಳಿನ ಸಭೆಯ ಸ್ಥಾನವನ್ನು ವಲಸೆಯ ನಗರಗಳಲ್ಲಿ ಉತ್ಸವ ಆಕ್ರಮಿಸಿದೆ. ಲಂಡನ್ನಿನಲ್ಲಿ ‘ಕೈದ್’ ಎಂಬ ಕಲಾಸಂಸ್ಥೆಯು 2009ರಿಂದ ಸೊಮಾಲಿ ಸಪ್ತಾಹವನ್ನು ನಡೆಸಿಕೊಂಡು ಬಂದಿತು. ಹರ್ಗೆಯ್ಸಾದಲ್ಲಿ 2008ರಲ್ಲಿ ಅಂತರರಾಷ್ಟ್ರೀಯ ಪುಸ್ತಕಮೇಳ ಆರಂಭವಾಯಿತು. 2013ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೊಮಾಲಿ ವಸ್ತುಸಂಗ್ರಹಾಲಯ ತೆರೆಯಿತು. 2004ರಲ್ಲಿ ಸಾರಾ ಮಗ್ವಾಯರ್ ಲಂಡನ್ನಿನಲ್ಲಿ ಸ್ಥಾಪಿಸಿದ ಕಾವ್ಯಾನುವಾದ ಕೇಂದ್ರವು ಸೊಮಾಲಿ ಕವಿಗಳನ್ನು ವೇದಿಕೆಗೆ ತಂದು, ಮೂಲ ಮತ್ತು ಅನುವಾದ ಎರಡನ್ನೂ ಒಟ್ಟಿಗೆ ಕೇಳಿಸಿತು.

ಈ ಉತ್ಸವಗಳನ್ನು ಗತವೈಭವದ ಸಂಭ್ರಮವೆಂದಷ್ಟೇ ಓದಿದರೆ ಅಪೂರ್ಣವಾಗುತ್ತದೆ. ಕವಿಯ ಹೆಸರು ಹೇಳಿ, ಸಂದರ್ಭ ವಿವರಿಸಿ, ಕವಿತೆಯನ್ನು ಹೊಸ ಕೇಳುಗರಿಗೆ ದಾಟಿಸುವ ಕಂಠಪಾಠಿಯ ಕೆಲಸವನ್ನೇ ಇವು ಸಾಂಸ್ಥಿಕ ರೂಪದಲ್ಲಿ ಮಾಡುತ್ತಿವೆ. ಆದರೆ ಕಂಠಪಾಠಿಯ ಹಿಂದೆ ಉತ್ತರ ಕೊಡಬಲ್ಲ ಸಭೆಯಿತ್ತು. ಉತ್ಸವದ ಪ್ರೇಕ್ಷಕ ಚಪ್ಪಾಳೆ ತಟ್ಟಬಲ್ಲ, ಪ್ರತಿಕವಿತೆ ಕಟ್ಟಲಾರ. ವಾದದ ಕಾವ್ಯ ಪ್ರದರ್ಶನದ ಕಾವ್ಯವಾಗುವ ಅಪಾಯ ಇಲ್ಲಿದೆ.

ಇನ್ನೊಂದು ತೊಡಕೂ ಇದೆ. ಕುಲಗಳ ನಡುವಿನ ಹಿಂಸೆಯಲ್ಲಿ ಕಾವ್ಯವೂ ಪಾಲುದಾರವಾಗಿತ್ತು. ಜನಪ್ರಿಯ ಕವಿತೆ ಮತ್ತು ಹಾಡುಗಳು ಹಿಂಸೆಯನ್ನು ಹೇಗೆ ಹೇಳಿದವು, ಹೇಗೆ ಮರೆಮಾಚಿದವು ಎಂಬುದನ್ನು ಲಿಡ್ವೀನ್ ಕಪ್ಟೈನ್ಸ್ 2013ರ ತಮ್ಮ ಗ್ರಂಥದಲ್ಲಿ ಪರಿಶೀಲಿಸಿದ್ದಾರೆ. 2003ರಲ್ಲಿ ಶಾಂತಿಯಾತ್ರೆ ನಡೆಸಿದ ಹದ್ರಾವಿಯವರನ್ನು ಕೊಂಡಾಡುವ ವೇದಿಕೆಯು ದ್ವೇಷವನ್ನು ಬಿತ್ತಿದ ಕ್ಯಾಸೆಟ್ಟುಗಳನ್ನೂ ಅದೇ ಪರಂಪರೆಯ ಭಾಗವೆಂದು ಒಪ್ಪಿಕೊಂಡಾಗಲೇ ಆ ಸಂಭ್ರಮ ಪ್ರಾಮಾಣಿಕವಾಗುತ್ತದೆ.

5. ಭಾಷೆ ಬದಲಾದಾಗ

ವಲಸೆಯ ಎರಡನೆಯ ತಲೆಮಾರು ಎದುರಿಸುವ ಮೂಲಭೂತ ಪ್ರಶ್ನೆ ಭಾಷೆಯದು. 1990ರಿಂದ ಬ್ರಿಟನ್ನಿನಲ್ಲಿರುವ ಆಶಾ ಲೂಲ್ ಮೊಹಮೂದ್ ಯೂಸುಫ್ ಸೊಮಾಲಿಯಲ್ಲಿಯೇ ಕವಿತೆ ಕಟ್ಟುತ್ತಾರೆ. ಪ್ರಾಣ ಪಣಕ್ಕಿಟ್ಟು ಸಮುದ್ರ ದಾಟುವ ಅಕ್ರಮ ವಲಸೆಗೆ ಸೊಮಾಲಿಯಲ್ಲಿ ಇರುವ ‘ತಹ್ರೀಬ್’ ಎಂಬ ಪದವನ್ನೇ ಶೀರ್ಷಿಕೆಯಲ್ಲಿ ಹೊತ್ತ ಅವರ ದ್ವಿಭಾಷಾ ಸಂಕಲನ 2017ರಲ್ಲಿ ಪ್ರಕಟವಾಯಿತು. ಕಂಠಪಾಠಿಗಳ ಜಾಲದ ಹೊರಗಿದ್ದ ಹೆಣ್ಣಿನ ದನಿ ವಲಸೆಯಲ್ಲಿ ಪುಸ್ತಕದ ಮೂಲಕ ಕೇಂದ್ರಕ್ಕೆ ಬಂದದ್ದು ಗಮನಾರ್ಹ.

ನೈರೋಬಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ವರ್ಸಾನ್ ಶಿರೆ ಬರೆಯುವುದು ಇಂಗ್ಲಿಷಿನಲ್ಲಿ. 2013ರಲ್ಲಿ ಲಂಡನ್ನಿನ ಮೊದಲ ಯುವ ಆಸ್ಥಾನಕವಿಯಾದ ಅವರ ಸಾಲುಗಳು 2016ರಲ್ಲಿ ಬಿಯಾನ್ಸೆಯ ‘ಲೆಮನೇಡ್’ ಮೂಲಕ ಅಪಾರ ಕೇಳುಗರನ್ನು ತಲುಪಿದವು. ಅವರಲ್ಲಿ ಹಿಗ್ಗಾದ್ ಇಲ್ಲ, ಮಾತ್ರೆಯ ಬಿಗಿ ಇಲ್ಲ. ಆದರೆ ಸಮುದಾಯದ ಸಂಕಟಕ್ಕೆ ಕವಿ ಸಾರ್ವಜನಿಕವಾಗಿ ಮಾತು ಕೊಡಬೇಕೆಂಬ ನಿಲುವು ಇದೆ. ಕೆನಡಾಕ್ಕೆ ವಲಸೆ ಹೋದ ಕೇನಾನ್ ಅವರ ರ‍್ಯಾಪ್ ಗೀತೆಗಳಲ್ಲಿಯೂ ಇದನ್ನು ಕಾಣಬಹುದು. ಪ್ರಸಿದ್ಧ ಗಾಯಕಿ ಮಗೂಲ್ ಅವರ ಕುಟುಂಬದಿಂದ ಬಂದ ಈತನ ಹಾಡೊಂದು 2010ರ ಫುಟ್‌ಬಾಲ್ ವಿಶ್ವಕಪ್ಪಿನ ಗೀತೆಯಾಗಿ ಮೊಳಗಿತು.

ಕಾದಂಬರಿಯ ದಾರಿ ಬೇರೆ. ನುರುದ್ದೀನ್ ಫಾರಾ ತಮ್ಮ ಮೊದಲ ಇಂಗ್ಲಿಷ್ ಕಾದಂಬರಿ ‘ಫ್ರಂ ಎ ಕ್ರೂಕೆಡ್ ರಿಬ್’ಅನ್ನು ಬರೆದದ್ದು ಚಂಡೀಗಢದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಅದು 1970ರಲ್ಲಿ ಪ್ರಕಟವಾಯಿತು. ಲಿಪಿ ಬಂದ ಹೊಸತರಲ್ಲಿ ಅವರು ಸೊಮಾಲಿಯಲ್ಲಿ ಧಾರಾವಾಹಿಯಾಗಿ ಆರಂಭಿಸಿದ ಕಾದಂಬರಿ ಸೆನ್ಸಾರ್‌ಶಿಪ್ಪಿನಿಂದ ನಿಂತುಹೋಯಿತು. ಆದುದರಿಂದ ಅವರ ಇಂಗ್ಲಿಷನ್ನು ಕೇವಲ ಆಯ್ಕೆ ಎನ್ನಲಾಗದು. ಹರ್ಗೆಯ್ಸಾದಲ್ಲಿ ಹುಟ್ಟಿದ ನದೀಫಾ ಮೊಹಮದ್ 2021ರ ‘ದಿ ಫಾರ್ಚುನ್ ಮೆನ್’ ಕಾದಂಬರಿಯಲ್ಲಿ 1952ರಲ್ಲಿ ಕಾರ್ಡಿಫ್‌ನಲ್ಲಿ ಗಲ್ಲಿಗೇರಿದ, 1998ರಲ್ಲಿ ನಿರ್ದೋಷಿಯೆಂದು ಸಾಬೀತಾದ ಸೊಮಾಲಿ ನಾವಿಕ ಮಹಮೂದ್ ಮತ್ತಾನ್‌ನ ಬದುಕನ್ನು ಕಟ್ಟಿಕೊಟ್ಟರು. ಹೆಸರು ಮತ್ತು ಸಂದರ್ಭಗಳನ್ನು ಅಳಿಯಗೊಡದೆ ಉಳಿಸುವ ಹಳೆಯ ಹೊಣೆ ಇಲ್ಲಿ ಗದ್ಯರೂಪ ತಾಳಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೌಖಿಕತೆ ಎಂದರೆ ಅನಾಮಿಕತೆಯಲ್ಲ. ಬರವಣಿಗೆಯಿಲ್ಲದೆಯೂ ಕರ್ತೃತ್ವ ಮತ್ತು ಸ್ಥಿರಪಠ್ಯಗಳ ಕಲ್ಪನೆ ಬೆಳೆಯಬಲ್ಲದು. ಕಾವ್ಯದ ವಾಹಕಗಳು ನೆನಪಿನಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಉತ್ಸವ ಮತ್ತು ಪುಸ್ತಕಗಳಿಗೆ ಬದಲಾಗುತ್ತ ಬಂದರೂ ಒಂದು ಇನ್ನೊಂದನ್ನು ಪೂರ್ತಿಯಾಗಿ ಅಳಿಸಿಲ್ಲ. ಮೂರನೆಯದಾಗಿ, ಭಾಷೆ ಬದಲಾದಾಗ ಮೊದಲು ಕಳೆದುಹೋಗುವುದು ಛಂದಸ್ಸು. ಕೊನೆಯವರೆಗೆ ಉಳಿಯುವುದು ಕವಿಯ ಸಾಮಾಜಿಕ ಹೊಣೆಗಾರಿಕೆ. ಆದರೆ ಛಂದಸ್ಸೇ ನೆನಪಿನ ಕಾವಲಾಗಿದ್ದ ಪರಂಪರೆಯಲ್ಲಿ ಈ ನಷ್ಟ ಸಣ್ಣದಲ್ಲ. ಗಾರಿಯೆ 2012ರಲ್ಲಿ ನಾರ್ವೆಯಲ್ಲಿ ತೀರಿಕೊಂಡರು, ಹದ್ರಾವಿ 2022ರಲ್ಲಿ ಹರ್ಗೆಯ್ಸಾದಲ್ಲಿ. ಅವರ ಕವಿತೆಗಳ ಧ್ವನಿಮುದ್ರಣಗಳು ಉಳಿದಿವೆ. ಅವುಗಳಿಗೆ ಅದೇ ಪ್ರಾಸದಲ್ಲಿ ಉತ್ತರ ಕಟ್ಟಬಲ್ಲ ಕಿವಿಗಳು ವಲಸೆಯ ನಗರಗಳಲ್ಲಿ ಎಷ್ಟರಮಟ್ಟಿಗೆ ಬೆಳೆಯುತ್ತವೆ ಎಂಬುದರ ಮೇಲೆ ಸೊಮಾಲಿ ಕಾವ್ಯವು ಸಂಗ್ರಹಾಲಯದ ವಸ್ತುವಾಗುವುದೋ ನಡೆಯುವ ಸಂವಾದವಾಗಿ ಮುಂದುವರಿಯುವುದೋ ಎಂಬುದು ನಿರ್ಧಾರವಾಗುತ್ತದೆ.