ಕೆರೆಯ ಕೊರವ ಮೀನನ್ನು ಹಿಡಿಯಲು ಬೆಂಡಿನ ಕಪ್ಪೆ

ಕೆರೆಯಲ್ಲಿ ಕಾಟ್ಲಾ, ರೋಹು ಮುಂತಾದ ಮೀನಿನ ಮರಿಗಳನ್ನು ಬಿಟ್ಟು ಬೆಳೆಸುವವರಿಗೆ ಕೊರವ (ಮುರಲ್) ಮೀನಿನಿಂದ ಆಗುವ ನಷ್ಟವು ಸ್ವಲ್ಪವಲ್ಲ. ಈ ಮೀನು ಜೊಂಡಿನ ಮರೆಯಲ್ಲಿ ಹೊಂಚುಹಾಕಿ ಮರಿಗಳನ್ನು ನುಂಗುವುದು. ನೀರಿನ ಮೇಲಕ್ಕೆ ಬಂದು ಗಾಳಿಯನ್ನು ಸೇವಿಸಬಲ್ಲುದಾದುದರಿಂದ ಕೆರೆಯು ಬತ್ತಿ ಕೆಸರಾದಾಗಲೂ ಬದುಕಿ ಉಳಿಯುವುದು.

ಜೊಂಡಿರುವ ಕಡೆ ಬಲೆಯು ಸಿಕ್ಕಿಕೊಳ್ಳುವುದು. ವಿಷವನ್ನಾಗಲಿ ಸಿಡಿಮದ್ದನ್ನಾಗಲಿ ಹಾಕಿದರೆ ಬೆಳೆಸಿದ ಮರಿಗಳೇ ಮೊದಲು ಸಾಯುವುವು; 1897ರ ಇಂಡಿಯಾ ಮೀನುಗಾರಿಕೆ ಕಾನೂನು ಇವೆರಡನ್ನೂ ನಿಷೇಧಿಸಿತು. ಆದಕಾರಣ ಗಾಳವೇ ತಕ್ಕ ಸಾಧನವು. ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವ ವಾಡಿಕೆಯುಂಟು. ಅದಕ್ಕೆ ಬದಲಾಗಿ ಬೆಂಡಿನ ಕಪ್ಪೆಯನ್ನು ಮಾಡಿಕೊಂಡರೆ ಅದು ಹಲವು ಸಲ ಉಪಯೋಗಕ್ಕೆ ಬರುವುದು. ಪೈರಿನ ಹುಳುಗಳನ್ನು ತಿನ್ನುವ ಕಪ್ಪೆಗಳೂ ಉಳಿಯುವುವು.

ಬೇಕಾದ ಸಾಮಗ್ರಿಗಳು: ಬಾಸಿಂಗ ಮಾಡುವವರು ಉಪಯೋಗಿಸುವ ಬೆಂಡು, ಉದ್ದ ಕಾಲಿನ ದೊಡ್ಡ ಕೊಕ್ಕೆ ಒಂದು, ತೆಳುವಾದ ಸೀಸದ ತಂತಿ, ಜೇನುಮೇಣ ಹಚ್ಚಿದ ಗಟ್ಟಿ ನೂಲು, ಹುಂಜದ ಗರಿ ನಾಲ್ಕು, ಸ್ವಲ್ಪ ವಾರ್ನಿಷ್.

ಮಾಡುವ ಕ್ರಮ:

1. ಬೆಂಡನ್ನು ಸುಮಾರು 2½ ಅಂಗುಲ ಉದ್ದ, 1 ಅಂಗುಲ ದಪ್ಪವಿರುವಂತೆ ಕಪ್ಪೆಯ ಆಕಾರಕ್ಕೆ ಕೆತ್ತಿ, ಹೊಟ್ಟೆಯ ಉದ್ದಕ್ಕೂ ಒಂದು ಸೀಳು ಮಾಡತಕ್ಕದ್ದು.

2. ಕೊಕ್ಕೆಯ ಕಾಲಿಗೆ ಸೀಸದ ತಂತಿಯನ್ನು ಸುತ್ತಿ ಸೀಳಿನಲ್ಲಿ ಕೂರಿಸತಕ್ಕದ್ದು. ಕೊಕ್ಕೆಯ ಬಳೆಯು ಕಪ್ಪೆಯ ಮೂತಿಯಿಂದ ಮುಂದಕ್ಕೂ, ಮೊನೆಯು ಹಿಂದುಗಡೆ ಮೇಲ್ಮುಖವಾಗಿಯೂ ಇರಬೇಕು. ಮೊನೆಯು ಕೆಳಮುಖವಾದರೆ ಜೊಂಡಿಗೆ ಸಿಕ್ಕುವುದು.

3. ಬಾನಿಯ ನೀರಿನಲ್ಲಿ ತೇಲಿಸಿ ನೋಡತಕ್ಕದ್ದು. ಮಗುಚಿಕೊಂಡರೆ ಸೀಸವನ್ನು ಹೆಚ್ಚಿಸಬೇಕು. ಮುಳುಗಿದರೆ ಕಡಿಮೆ ಮಾಡಬೇಕು.

4. ಒಣಗಿದ ಮೇಲೆ ನೂಲಿನಿಂದ ಬಿಗಿದು, ಹಿಂದುಗಡೆ ಗರಿಗಳನ್ನು ಕಾಲುಗಳಂತೆ ಕಟ್ಟಿ, ಬೆಂಡಿಗೆ ಎರಡು ಸಲ ವಾರ್ನಿಷ್ ಬಳಿಯತಕ್ಕದ್ದು. ಬಳಿಯದಿದ್ದರೆ ಬೆಂಡು ನೀರು ಕುಡಿದು ಕೆಡುವುದು.

ಗಾಳದ ದಾರವನ್ನು ಕೊಕ್ಕೆಯ ಬಳೆಗೇ ಕಟ್ಟಬೇಕು. ಬೆಂಡಿಗೆ ಕಟ್ಟಿದರೆ ಮೀನಿನ ಸೆಳೆತಕ್ಕೆ ಅದು ಮುರಿಯುವುದು.

ಬೆಳಗಿನ ಜಾವದಲ್ಲಿಯೂ ಸಂಜೆಯಲ್ಲಿಯೂ ಕಪ್ಪೆಯನ್ನು ಜೊಂಡಿನ ಅಂಚಿಗೆ ಎಸೆದು, ಗೇಣುದ್ದ ಎಳೆದು ನಿಲ್ಲಿಸಿ, ಪುನಃ ಎಳೆಯಬೇಕು. ಮೀನು ಕಚ್ಚಿದೊಡನೆ ಸೆಳೆಯದೆ, ಅದು ಬಾಯಿ ಮುಚ್ಚಿ ತಿರುಗುವವರೆಗೆ ತಡೆದು ಸೆಳೆಯತಕ್ಕದ್ದು.

ಬಯಲು ನೀರಿನ ಬಾಳೆ ಮೀನಿಗೆ ಹಳೆಯ ಹಿತ್ತಾಳೆ ಚಮಚವು ಸಾಕು. ಅದರ ಹಿಡಿಯನ್ನು ಕತ್ತರಿಸಿ, ಎರಡು ತುದಿಗಳಲ್ಲಿಯೂ ತೂತು ಕೊರೆದು, ಒಂದಕ್ಕೆ ದಾರವನ್ನೂ ಮತ್ತೊಂದಕ್ಕೆ ಬಳೆಯ ಮೂಲಕ ಕೊಕ್ಕೆಯನ್ನೂ ಸೇರಿಸಿದರೆ, ಎಳೆಯುವಾಗ ಹೊಳೆಹೊಳೆದು ಸಣ್ಣ ಮೀನಿನಂತೆ ತೋರುವುದು. ಅಮೆರಿಕದ ಜೂಲಿಯೋ ಬ್ಯೂಯೆಲ್ ಎಂಬಾತನು ಇಂತಹ ಚಮಚದ ಗಾಳಕ್ಕೆ 1852ರಲ್ಲಿ ಹಕ್ಕುಪತ್ರ ಪಡೆದನು.

ಕೆರೆಯ ಮೀನಿನ ಹಕ್ಕು ಯಾರದೋ ಅವರ ಅನುಮತಿಯನ್ನು ಮೊದಲು ಪಡೆಯತಕ್ಕದ್ದು. ತುಂಡಾದ ಕೊಕ್ಕೆ, ದಾರಗಳನ್ನು ದಡದಲ್ಲಿ ಬಿಡಕೂಡದು. ನೀರು ಕುಡಿಯಲು ಬರುವ ದನಕರುಗಳ ಕಾಲಿಗೂ ಈಜುವ ಮಕ್ಕಳ ಕಾಲಿಗೂ ಅವು ಚುಚ್ಚುವುವು. ಊರಿನ ಮುಖಂಡರು ಈ ವಿಷಯದಲ್ಲಿ ಎಚ್ಚರಿಕೆ ವಹಿಸಬೇಕು.