ಹೊಲದ ಒಡೆಯನಿಗೆ ಬೇಟೆಯ ವಿನಾಯಿತಿ: ಅಣುವ್ರತದ ದೃಷ್ಟಿಯಿಂದ ಒಂದು ವಿಚಾರ



ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದೆಂಬುದು ನಮ್ಮ ಮನೆಗಳ ಬಾಲಕರಿಗೂ ತಿಳಿದಿದೆ. ಅದನ್ನು ತ್ಯಜಿಸಿದವರೆಂದು ನಾವು ನಿಶ್ಚಿಂತರಾಗಿರುತ್ತೇವೆ. ಆದರೆ ನಮ್ಮ ಸಮಾಜದಲ್ಲಿ ಬಹುಮಂದಿ ಒಕ್ಕಲುತನದವರು. ಕಾಡುಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಶೇಂಗಾ ಹೊಲವನ್ನು ಬುಡಮೇಲು ಮಾಡಿದಾಗ, “ಹೊಲ ನನ್ನದು, ಬೆಳೆ ನನ್ನದು, ಕೊಂದರೆ ದೋಷವೇನು?” ಎಂಬ ಪ್ರಶ್ನೆ ಶ್ರಾವಕನ ಮನಸ್ಸಿನಲ್ಲಿಯೂ ಏಳುತ್ತದೆ. ಇದಕ್ಕೆ ದೇಶದೇಶದ ಕಾನೂನುಗಳು ಭಿನ್ನವಾದ ಉತ್ತರ ಕೊಟ್ಟಿವೆ. ಹೊಲದ ಒಡೆಯನಿಗೆ ವಿಶೇಷ ರಿಯಾಯಿತಿ ಇರುವುದು ಅಮೆರಿಕದಲ್ಲಿ. ನಮ್ಮವರ ಮಕ್ಕಳು ಮೊಮ್ಮಕ್ಕಳು ಈಗ ಆ ದೇಶದಲ್ಲಿಯೂ ನೆಲೆಸಿರುವುದರಿಂದ ಅಲ್ಲಿಯ ಕ್ರಮವನ್ನು ಮೊದಲು ತಿಳಿಯೋಣ.

ವಿನಾಯಿತಿಯ ಸ್ವರೂಪ

ಅಮೆರಿಕದಲ್ಲಿ ಬೇಟೆಯಾಡುವವನು ತನ್ನ ರಾಜ್ಯಸರ್ಕಾರದಿಂದ ಹಣ ಕೊಟ್ಟು ಪರವಾನಗಿ ಪಡೆಯಬೇಕು. ಆದರೆ ಹಲವು ರಾಜ್ಯಗಳು ಭೂಮಾಲೀಕರನ್ನು ಈ ನಿಯಮದಿಂದ ಬಿಟ್ಟಿವೆ. ನ್ಯೂಯಾರ್ಕ್ ರಾಜ್ಯದಲ್ಲಿ ಮುಖ್ಯವಾಗಿ ಕೃಷಿಯಿಂದ ಜೀವಿಸುವ ನಿವಾಸಿ ಒಡೆಯನೂ ಗೇಣಿದಾರನೂ ಅವರ ಹತ್ತಿರದ ಕುಟುಂಬದವರೂ ತಾವು ವಾಸಿಸಿ ಸಾಗುವಳಿ ಮಾಡುವ ಭೂಮಿಯಲ್ಲಿ ಪರವಾನಗಿಯಿಲ್ಲದೆ ಬೇಟೆಯಾಡಬಹುದು. ವರ್ಜೀನಿಯಾ ರಾಜ್ಯದ ಕಾನೂನು ಇನ್ನೂ ವಿಶಾಲವಾದುದು. ಅಲ್ಲಿ ಒಡೆಯ, ಅವನ ಪತ್ನಿ, ಮಕ್ಕಳು, ಮೊಮ್ಮಕ್ಕಳು, ಸೊಸೆ ಅಳಿಯಂದಿರು, ತಂದೆತಾಯಿಗಳು, ಇವರೆಲ್ಲರಿಗೂ ಅವರ ಸ್ವಂತ ಭೂಮಿಯ ಎಲ್ಲೆಯೊಳಗೆ ವಿನಾಯಿತಿಯುಂಟು. ಅವರು ಆ ರಾಜ್ಯದ ನಿವಾಸಿಗಳಾಗಿರಬೇಕೆಂಬ ನಿರ್ಬಂಧವೂ ಇಲ್ಲ.

ಆದರೆ ಈ ವಿನಾಯಿತಿ ಪರವಾನಗಿಗೆ ಮಾತ್ರ ಸಂಬಂಧಿಸಿದುದು. ಬೇಟೆಯ ಋತು, ಕೊಲ್ಲಬಹುದಾದ ಪ್ರಾಣಿಗಳ ಮಿತಿ, ಆಯುಧದ ನಿಯಮ ಇವು ಒಡೆಯನಿಗೂ ಅನ್ವಯಿಸುತ್ತವೆ. ವಲಸೆ ಬರುವ ಬಾತುಕೋಳಿಗಳನ್ನು ಹೊಡೆಯಲು 16 ವರ್ಷ ತುಂಬಿದವರೆಲ್ಲರೂ ಕೇಂದ್ರ ಸರ್ಕಾರದ ಮುದ್ರೆಚೀಟಿಯನ್ನು ಕೊಳ್ಳಲೇಬೇಕು. 1934ರಲ್ಲಿ ಆರಂಭವಾದ ಪದ್ಧತಿಯಿದು. ಕಾರಣವಿಷ್ಟೆ: ಭೂಮಿ ಒಡೆಯನದಾದರೂ ಅದರ ಮೇಲೆ ಸಂಚರಿಸುವ ವನ್ಯಜೀವಿ ಅವನ ಸ್ವತ್ತಲ್ಲ, ಪ್ರಜೆಗಳ ಪರವಾಗಿ ರಾಜ್ಯವು ಅದರ ಪಾಲಕನೆಂದು ಅಲ್ಲಿಯ ಕಾನೂನು ಭಾವಿಸುತ್ತದೆ.

ನಮ್ಮ ದೇಶದ ಕಾನೂನು

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೊದಲು ಬೇಟೆಗೆ ಪರವಾನಗಿಯ ಅವಕಾಶವಿರಿಸಿತ್ತು. 1991ರ ತಿದ್ದುಪಡಿಯು ಅದನ್ನು ತೆಗೆದುಹಾಕಿತು. ಹೊಲದ ಒಡೆತನವೆಂಬ ಕಾರಣದಿಂದ ಇಲ್ಲಿ ಯಾರಿಗೂ ಬೇಟೆಯ ಹಕ್ಕಿಲ್ಲ. ಬೆಳೆಗೆ ಅಪಾಯವಾದಾಗ ಎರಡನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕಾರ ಪಡೆದ ಅಧಿಕಾರಿಗಳು, ಕಾರಣವನ್ನು ಬರೆದು, ಕೊಲ್ಲಲು ಅನುಮತಿ ಕೊಡಬಹುದು. ಕಾಡುಹಂದಿ ಈಗ ಈ ಅನುಸೂಚಿಯಲ್ಲಿದೆ.

ಹೀಗೆ ಒಂದು ದೇಶ ಒಡೆಯನಿಗೆ ರಿಯಾಯಿತಿ ಕೊಟ್ಟಿತು. ಇನ್ನೊಂದು ದೇಶ ಅಧಿಕಾರಿಯ ಅಪ್ಪಣೆಯನ್ನು ಬಯಸಿತು. ಎರಡೂ ಕಡೆ ಕಾನೂನು ಕೇಳುವುದು “ಕೊಲ್ಲುವವನಿಗೆ ಅಧಿಕಾರವಿದೆಯೇ?” ಎಂದು. ವ್ರತವು ಕೇಳುವ ಪ್ರಶ್ನೆ ಬೇರೆ.

ವ್ರತದ ಲೆಕ್ಕ

ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಅಡಿಗೆಮನೆಯಲ್ಲಿ, ಉಳುಮೆಯಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಯನ್ನು ಅಣುವ್ರತಿಯು ಪೂರ್ಣವಾಗಿ ಬಿಡಲಾರ. ಯತ್ನಾಚಾರದಿಂದ ಅದನ್ನು ಕಡಿಮೆ ಮಾಡಬೇಕು. ಸಂಕಲ್ಪೀ ಹಿಂಸೆಯನ್ನಾದರೋ ಬಿಡಲೇಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ನಿರೂಪಿಸುವಾಗ ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಬೆಳೆಗೆ ನುಗ್ಗಿದ ಹಂದಿಯನ್ನು ಕೊಲ್ಲುವುದು ವಿರೋಧೀ ಹಿಂಸೆಯಲ್ಲವೇ ಎಂದು ಕೆಲವರು ಕೇಳುವರು. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವವನ್ನುಳಿಸಿಕೊಳ್ಳುವುದು ಬೇರೆ; ಕೋವಿ ಹಿಡಿದು, ದಿನ ಗೊತ್ತುಮಾಡಿ, ಹೊಂಚುಹಾಕಿ ಕುಳಿತಿರುವುದು ಬೇರೆ. ಎರಡನೆಯದರಲ್ಲಿ ಕೊಲ್ಲುವ ಸಂಕಲ್ಪ ಮೊದಲೇ ನೆಲೆಗೊಂಡಿದೆ. ವಿನೋದಕ್ಕಾಗಿಯೋ ಮಾಂಸಕ್ಕಾಗಿಯೋ ಆಡುವ ಬೇಟೆಯ ವಿಷಯದಲ್ಲಂತೂ ಸಂದೇಹಕ್ಕೇ ಎಡೆಯಿಲ್ಲ.

ಕುಟುಂಬಕ್ಕೆ ವಿಸ್ತರಿಸುವ ಕಾನೂನಿನ ರಿಯಾಯಿತಿಯನ್ನು ಇಲ್ಲಿ ಮತ್ತೆ ನೆನೆಯಬೇಕು. ಜನ್ನಕವಿಯ ಯಶೋಧರಚರಿತೆಯ ಕಥೆ ನಮಗೆಲ್ಲ ಪರಿಚಿತ. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದ ಫಲವಾಗಿ ಯಶೋಧರನು ಭವಾಂತರಗಳಲ್ಲಿ ತೊಳಲಿದನು. ಪ್ರೇರಿಸಿದ ತಾಯಿ ಚಂದ್ರಮತಿಯೂ ತೊಳಲಿದಳು. ಕಾನೂನು ಕುಟುಂಬದವರಿಗೆ ರಿಯಾಯಿತಿಯನ್ನು ಹಂಚುತ್ತದೆ. ಕರ್ಮವಾದರೋ ಮಾಡಿದವನಿಗೂ ಮಾಡಿಸಿದವನಿಗೂ ಒಪ್ಪಿದವನಿಗೂ ಬೇರೆ ಬೇರೆಯಾಗಿ ಅಂಟುತ್ತದೆ. “ನಾನು ಕೋವಿ ಮುಟ್ಟಲಿಲ್ಲ, ಊರವರನ್ನು ಕರೆದೆನಷ್ಟೆ” ಎನ್ನುವ ಒಡೆಯನು ಕಾರಿತ ದೋಷದಿಂದ ಪಾರಾಗಲಾರ. ಆಯುಧವನ್ನು ಎರವಲು ಕೊಡುವುದು ಹಿಂಸಾದಾನವೆಂಬ ಅನರ್ಥದಂಡ.

ಒಕ್ಕಲಿಗ ಶ್ರಾವಕನ ಕರ್ತವ್ಯ

ಬೆಳೆಯನ್ನು ಕಾಯುವುದು ತಪ್ಪಲ್ಲ; ಹಾಳಾಗಲು ಬಿಟ್ಟು ಮನೆಮಂದಿಯನ್ನು ಸಂಕಟಕ್ಕೆ ದೂಡಬೇಕೆಂದು ವ್ರತವು ಹೇಳುವುದಿಲ್ಲ. ಅಟ್ಟಣೆ ಕಟ್ಟಿ ರಾತ್ರಿ ಕಾವಲಿರುವುದು, ತಮಟೆಯ ಸದ್ದಿನಿಂದ ಓಡಿಸುವುದು, ಕಂದಕ ತೋಡುವುದು, ಮುಳ್ಳುಬೇಲಿ ಹಾಕುವುದು, ಪ್ರಾಣಹಾನಿಯಾಗದಂತೆ ಕ್ಷಣಮಾತ್ರ ಅದುರಿಸುವ ಸೌರಬೇಲಿ ಇವು ನಮಗಿರುವ ಮಾರ್ಗಗಳು. ಬೆಳೆನಷ್ಟವಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಬಹುದು. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಹರಿಸುವುದನ್ನಂತೂ ಎಂದಿಗೂ ಮಾಡಬಾರದು. ಅದು ಅಪರಾಧ, ಹಂದಿಯನ್ನಷ್ಟೇ ಅಲ್ಲ, ಆನೆಯನ್ನೂ ಮನುಷ್ಯನನ್ನೂ ಕೊಲ್ಲುತ್ತದೆ.

ಅಮೆರಿಕದಲ್ಲಿ ಭೂಮಿಯುಳ್ಳ ನಮ್ಮವರಿಗೂ ಒಂದು ಮಾತು. ತನ್ನ ಭೂಮಿಯಲ್ಲಿ ಬೇಟೆ ಕೂಡದೆಂದು ಫಲಕ ಹಾಕಿ ನಿಷೇಧಿಸುವ ಹಕ್ಕನ್ನೂ ಅಲ್ಲಿಯ ಕಾನೂನು ಒಡೆಯನಿಗೆ ಕೊಟ್ಟಿದೆ. ನ್ಯೂಯಾರ್ಕ್‌ನಲ್ಲಿ ಆ ಫಲಕ ಕನಿಷ್ಠ 11 ಅಂಗುಲ ಚೌಕವಿರಬೇಕು. ಕೊಲ್ಲುವ ರಿಯಾಯಿತಿಯನ್ನು ಬಿಟ್ಟು ಕಾಯುವ ಈ ಹಕ್ಕನ್ನು ಬಳಸಿದರೆ, ಆ ಹೊಲದ ಮಟ್ಟಿಗೆ ಜೀವಿಗಳಿಗೆ ಅಭಯದಾನ ಕೊಟ್ಟಂತಾಗುವುದು.

ಪರವಾನಗಿಯನ್ನು ಸರ್ಕಾರ ಕೊಡುತ್ತದೆ, ವಿನಾಯಿತಿಯನ್ನೂ ಸರ್ಕಾರವೇ ಕೊಡುತ್ತದೆ. ವ್ರತವನ್ನು ನಾವೇ ಸ್ವೀಕರಿಸಿದ್ದೇವೆ. ಅದರಿಂದ ನಮ್ಮನ್ನು ಬಿಡಿಸುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ.

ಮನನಕ್ಕೆ ಪ್ರಶ್ನೆಗಳು

1. ಬೆಳೆಯನ್ನು ಕಾಯುವುದಕ್ಕೂ ಪ್ರಾಣಿಯನ್ನು ಕೊಲ್ಲುವುದಕ್ಕೂ ಸಂಕಲ್ಪದಲ್ಲಿರುವ ಭೇದವೇನು?
2. ನೆರೆಹೊಲದವನು ಹಂದಿಯನ್ನು ಕೊಲ್ಲಿಸಿದಾಗ ಮನಸ್ಸಿನಲ್ಲಿ ಸಂತೋಷಪಟ್ಟರೆ ಯಾವ ದೋಷ ಬರುತ್ತದೆ?
3. ನಿಮ್ಮ ಹೊಲದಲ್ಲಿ ಕೊಲ್ಲದೆ ಕಾಯುವ ಯಾವ ಉಪಾಯವನ್ನು ಈ ವರ್ಷ ಮಾಡಬಲ್ಲಿರಿ? ಮನೆಯವರೆಲ್ಲ ಕುಳಿತು ನಿಶ್ಚಯಿಸಿರಿ.